ಸುಶಿ ಬೆಲ್ಟ್ ಮುಂದೆ ಕೂತ ಮಾಣಿ

(ವಿಡಿಯೊದಲ್ಲಿ ಆಡಿದ ಮಾತು ಇದು. ಓದೋದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)



ಇವತ್ತಿನ ಮಾತು ಸುಶಿ ಬಗ್ಗೆ. ಅದರಲ್ಲೂ ಬೆಲ್ಟ್ ಮೇಲೆ ತಿರುಗಿಕೊಂಡು ಬರೋ ಸುಶಿ ಬಗ್ಗೆ. ಏರ್‌ಪೋರ್ಟ್‌ನಲ್ಲಿ ಲಗೇಜ್ ಬರುತ್ತಲ್ಲ, ಹಾಗೆ ತಟ್ಟೆಗಳು ನಿಮ್ಮ ಮುಂದೆ ಹಾದುಹೋಗ್ತಾ ಇರುತ್ತವೆ. ಬೇಕಾದ್ದನ್ನು ಎತ್ತಿಕೊಳ್ಳೋದು, ತಿನ್ನೋದು, ಖಾಲಿ ತಟ್ಟೆ ಪಕ್ಕಕ್ಕಿಡೋದು. ಆನ್‌ಸೈಟ್ ಅಂತ ಜಪಾನ್‌ಗೋ ಸಿಂಗಪುರಕ್ಕೋ ಹೋಗಿಬಂದವರು ಇದನ್ನು ನೋಡೇ ಇರ್ತೀರಿ. ನಾನು ಹತ್ತು ವರ್ಷದಿಂದ ಮುಂಬೈ ಬಿಟ್ಟು ಎಲ್ಲೂ ಹೋಗಿಲ್ಲ. ಐರೋಲಿಯಲ್ಲಿ ಆಫೀಸು, ಮುಲುಂಡ್‌ನಲ್ಲಿ ಮನೆ. ಹಾಗಾಗಿ ನನಗೆ ಜಪಾನೇ ಲೋವರ್ ಪರೇಲ್‌ಗೆ ಬರಬೇಕಾಯ್ತು.

ಹೋಟೆಲ್ ಹೆಸರು ಹೇಳೋದಿಲ್ಲ, ಯಾಕಂದ್ರೆ ಇದು ರಿವ್ಯೂ ಅಲ್ಲ. ತೀರಾ ದುಬಾರಿ ಜಾಗ ಅಲ್ಲ, ಅಗ್ಗವೂ ಅಲ್ಲ. ಸಂಬಳ ಬಂದ ವಾರ ಧೈರ್ಯವಾಗಿ ಹೋಗಬಹುದು, ತಿಂಗಳ ಕೊನೇ ವಾರ ಯೋಚನೆ ಮಾಡಬೇಕು, ಅಂಥದ್ದು. ಕಳೆದ ಡಿಸೆಂಬರ್‌ನಲ್ಲಿ ಕುಂದಾಪುರದ ಕಡೆಯಿಂದ ಅಪ್ಪಯ್ಯ, ಅಮ್ಮ ಬಂದಿದ್ದರು. ಅವರನ್ನ ಅಲ್ಲಿಗೆ ಕರಕೊಂಡು ಹೋದೆವು. ಆ ಸಂಜೆ ನಡೆದದ್ದನ್ನು ಹೇಳ್ತೀನಿ, ಕೇಳಿ.

ಮೊದಲು ಒಂದು ಪದದ ವಿಷಯ ಹೇಳಿಬಿಡ್ತೀನಿ. ಆ ಪದ ಗೊತ್ತಿಲ್ಲದಿದ್ರೆ ಮುಂದಿನದು ಅರ್ಥ ಆಗೋಲ್ಲ. ನಮ್ಮ ಕಡೆ ಹುಡುಗನಿಗೆ ‘ಮಾಣಿ’ ಅಂತಾರೆ. ಮಗನನ್ನೂ ಹಾಗೇ ಕರೀತಾರೆ. ನಲವತ್ತು ಹತ್ತಿರ ಬಂದಿರೋ ನನ್ನನ್ನ ಅಪ್ಪಯ್ಯ ಇವತ್ತಿಗೂ ಮಾಣಿ ಅಂತಲೇ ಕೂಗೋದು. ಇಂಜಿನಿಯರಿಂಗ್‌ಗೆ ಅಂತ ಮೈಸೂರಿಗೆ ಹೋದಾಗ, ಮೊದಲ ವಾರ ಒಂದು ಹೋಟೆಲ್‌ನಲ್ಲಿ ಯಾರೋ ಹಿರಿಯರು ಜೋರಾಗಿ “ಮಾಣೀ” ಅಂದರು. ನಾನು ತಿರುಗಿ ನೋಡಿದೆ! ಅವರು ಕರೆದಿದ್ದು ನೀರು ತರೋ ಹುಡುಗನನ್ನ. ಆಮೇಲೆ ಗೊತ್ತಾಯ್ತು: ಘಟ್ಟದ ಮೇಲೆ ಮಾಣಿ ಅಂದ್ರೆ ಹೋಟೆಲ್ ಹುಡುಗ. ಉಡುಪಿ, ಕುಂದಾಪುರ ಕಡೆಯಿಂದ ಎಷ್ಟು ಹುಡುಗರು ಲೋಟ ತೊಳೆಯೋದಕ್ಕೆ ಹೋಗಿದ್ದಾರೆ ಅಂದ್ರೆ, ಮಗನನ್ನ ಕರೆಯೋ ಪದವೇ ಒಂದು ಕೆಲಸದ ಹೆಸರಾಗಿಬಿಟ್ಟಿದೆ.

ಸರಿ, ಸುಶಿಗೆ ಬರೋಣ.

ನಾವು ನಾಲ್ಕು ಜನ. ಅಪ್ಪಯ್ಯ, ಅಮ್ಮ, ನನ್ನ ಹೆಂಡತಿ, ನಾನು. ಬೆಲ್ಟ್ ಪಕ್ಕದ ಸೀಟು ಸಿಕ್ತು. ಅಪ್ಪಯ್ಯ ಎರಡು ನಿಮಿಷ ಏನೂ ಮಾತಾಡದೆ ಬೆಲ್ಟನ್ನೇ ನೋಡಿದರು. ಆಮೇಲೆ, “ಇದ್ ಎಂತದಾ ಮಾಣಿ, ಪ್ಲೇಟ್ ತನ್ನಷ್ಟಕ್ಕೇ ಬತ್ತಾ ಇತ್ತಲ್ಲ!” ಅಂದರು. ಅಮ್ಮನ ಗಮನ ಬೆಲ್ಟ್ ಕಡೆ ಇರಲಿಲ್ಲ, ತಟ್ಟೆಯಲ್ಲಿ ಇರೋದರ ಕಡೆ ಇತ್ತು. “ಹಸಿ ಮೀನಾ? ಬೆಕ್ಕ್ ತಿಂಬುದ್ ಅದ್,” ಅಂದರು.

ಅಮ್ಮ ಹುಟ್ಟಿದಾಗಿನಿಂದ ಮೀನು ತಿಂದವರು. ಬಂಗುಡೆ ಕಣ್ಣು ನೋಡಿಯೇ ಅದು ಇವತ್ತಿನದೋ ನಿನ್ನೆಯದೋ ಹೇಳ್ತಾರೆ. ಅಂಥವರಿಗೆ ಹಸಿ ಮೀನು ತಿನ್ನಿಸೋದು ಸುಲಭ ಅಲ್ಲ, ತಿನ್ನಿಸಲೇಬೇಕು ಅಂತಲೂ ಇಲ್ಲ. ಇದನ್ನ ಅಪ್ಪ ಅಮ್ಮನನ್ನ ಕರಕೊಂಡು ಹೋಗೋರಿಗೆ ಹೇಳ್ತಾ ಇದ್ದೀನಿ. ಸುಶಿ ಅಂದ್ರೆ ಹಸಿ ಮೀನು ಅಂತ ಅರ್ಥ ಅಲ್ಲ. ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನ ಇದೆಯಲ್ಲ, ಅದೇ ಸುಶಿಯ ಮುಖ್ಯ. ಅದರ ಮೇಲೆ ಅಥವಾ ಒಳಗೆ ಏನು ಬೇಕಾದರೂ ಇರಬಹುದು. ಬೇಯಿಸಿದ ಸಿಗಡಿ ಇರುತ್ತೆ. ಸ್ವಲ್ಪ ಸಿಹಿಯಾದ ಮೊಟ್ಟೆ ಆಮ್ಲೆಟ್ ಇರುತ್ತೆ. ಸುಟ್ಟ ಹಾವುಮೀನು ಇರುತ್ತೆ. ಕರಿದ ತೋಫುವಿನ ಚೀಲದೊಳಗೆ ಅನ್ನ ತುಂಬಿದ್ದು ಇರುತ್ತೆ. ಮುಂಬೈ ಆದ್ದರಿಂದ ಸೌತೆಕಾಯಿ, ಬೆಣ್ಣೆಹಣ್ಣು ಹಾಕಿದ ಸಸ್ಯಾಹಾರಿ ರೋಲ್‌ಗಳಿಗೂ ಕೊರತೆ ಇಲ್ಲ. ಮೊದಲ ಸಲ ಹೋಗೋರು ಅಲ್ಲಿಂದ ಶುರು ಮಾಡಿ.

ಹಸಿ ಮೀನಿಗೆ ಧೈರ್ಯ ಮಾಡೋರಿಗೆ ಒಂದು ಮಾತು. ಅದು ಮಾರ್ಕೆಟ್‌ನಿಂದ ನೇರ ತಟ್ಟೆಗೆ ಬಂದದ್ದಲ್ಲ. ಅಮೆರಿಕದ ಎಫ್‌ಡಿಎ ಮಾರ್ಗಸೂಚಿಯಲ್ಲಿ, ಹಸಿಯಾಗಿ ತಿನ್ನೋ ಹೆಚ್ಚಿನ ಮೀನುಗಳನ್ನ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಡಬೇಕು ಅಂತ ಇದೆ. ಮೀನಿನೊಳಗಿನ ಹುಳಗಳು ಅಷ್ಟರಲ್ಲಿ ಸಾಯುತ್ತವೆ. ಆದ್ದರಿಂದ ಸಸೂನ್ ಡಾಕ್‌ನಲ್ಲಿ ಬೆಳಗ್ಗೆ ಒಳ್ಳೇ ಬಂಗುಡೆ ಸಿಕ್ತು ಅಂತ ಮನೆಯಲ್ಲೇ ಕೊಯ್ದು ಸುಶಿ ಮಾಡೋ ಸಾಹಸ ಬೇಡ. ಫ್ರೆಶ್ ಬೇರೆ, ಹಸಿ ತಿನ್ನೋದಕ್ಕೆ ಯೋಗ್ಯ ಅನ್ನೋದು ಬೇರೆ. ಹೋಟೆಲ್‌ಗೆ ಹೋದಾಗಲೂ ತಟ್ಟೆ ಮೇಲೆ ಮುಚ್ಚಳ ಇದೆಯಾ, ಬೆಲ್ಟ್ ಮೇಲೆ ಬಹಳ ಹೊತ್ತು ಸುತ್ತಿದ್ದನ್ನ ತೆಗೀತಾರಾ ಅಂತ ಗಮನಿಸಿ. ಅನುಮಾನ ಬಂದ್ರೆ ಬೆಲ್ಟ್ ಬಿಟ್ಟು ಶೆಫ್‌ಗೇ ಹೇಳಿ ಹೊಸದು ಮಾಡಿಸಿಕೊಳ್ಳಿ. ಬಸುರಿಯರು ಹಸಿಯದ್ದನ್ನ ಮುಟ್ಟದಿರೋದೇ ಒಳ್ಳೇದು.

ಅಮ್ಮ ಸಿಗಡಿ ತಿಂದರು, ಆಮ್ಲೆಟ್ ತಿಂದರು. ಅನ್ನಕ್ಕೆ ಯಾಕೆ ಹುಳಿ ಹಾಕಿದ್ದಾರೆ ಅಂತ ಕೇಳಿದರು. ಅವರಿಗೆ ಎಲ್ಲಕ್ಕಿಂತ ಇಷ್ಟ ಆದದ್ದು ಪಕ್ಕದಲ್ಲಿ ಪುಕ್ಕಟೆ ಇಟ್ಟಿದ್ದ ಶುಂಠಿ ಉಪ್ಪಿನಕಾಯಿ! ವಸಾಬಿಯನ್ನ ಪುದೀನ ಚಟ್ನಿ ಅಂದ್ಕೊಂಡು ಒಂದು ಚಮಚ ಬಾಯಿಗೆ ಹಾಕಿಕೊಳ್ಳೋಕೆ ಹೊರಟಿದ್ದರು. ನನ್ನ ಹೆಂಡತಿ ಕೈ ಹಿಡಿದು ತಡೆದಳು. (ನಗು) ಅಪ್ಪಯ್ಯನಿಗೆ ಚಾಪ್‌ಸ್ಟಿಕ್ ಬಗ್ಗೆ ಚಿಂತೆ ಇತ್ತು. ಸುಶಿಯನ್ನ ಕೈಯಲ್ಲಿ ತಿನ್ನಬಹುದು, ಜಪಾನ್‌ನಲ್ಲೂ ತಿಂತಾರೆ ಅಂತ ಹೇಳಿದ ಮೇಲೆ ನೆಮ್ಮದಿಯಿಂದ ಕೂತರು.

ಈಗ ತಟ್ಟೆಗಳ ವಿಷಯ. ಬೆಲ್ಟ್ ಹೋಟೆಲ್‌ನಲ್ಲಿ ತಟ್ಟೆ ಬಣ್ಣವೇ ರೇಟು. ನಾವು ಹೋದಲ್ಲಿ ಹಸಿರಿಗೆ 180 ರೂಪಾಯಿ, ನೀಲಿಗೆ 260, ಕೆಂಪಿಗೆ 340. ತಿಂದು ಮುಗಿದ ಮೇಲೆ ತಟ್ಟೆ ಎಣಿಸಿ ಬಿಲ್ ಮಾಡ್ತಾರೆ. ನಾವು ತಿನ್ನೋದು ಮುಗಿಸಿ ಮಾತಾಡ್ತಾ ಕೂತಿದ್ವಿ. ನೋಡ್ತೀನಿ, ಅಪ್ಪಯ್ಯ ತಟ್ಟೆಗಳನ್ನ ಬಣ್ಣ ಬಣ್ಣಕ್ಕೆ ಬೇರೆ ಮಾಡಿ ಒಂದರ ಮೇಲೊಂದು ಜೋಡಿಸಿಟ್ಟಿದ್ದಾರೆ. ಚೂರುಪಾರು ಅನ್ನವನ್ನೆಲ್ಲ ಒಂದು ತಟ್ಟೆಗೆ ಬಳಿದಿದ್ದಾರೆ. ಸೋಯಾ ಸಾಸ್ ಬಟ್ಟಲುಗಳನ್ನ ಒಂದರೊಳಗೊಂದು ಇಟ್ಟಿದ್ದಾರೆ. ಟಿಶ್ಯೂ ಪೇಪರ್ ಮಡಚಿ, ಆ ತುದಿಯಿಂದ ಈ ತುದಿಗೆ ಒಂದೇ ಎಳೆತದಲ್ಲಿ ಮೇಜು ಒರೆಸ್ತಾ ಇದ್ದಾರೆ.

ಪಕ್ಕದ ಮೇಜಿನಲ್ಲಿ ನಮ್ಮ ಹಾಗೇ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಹುಡುಗರು ಕೂತಿದ್ದರು. ಅವರಲ್ಲೊಬ್ಬ ಅಪ್ಪಯ್ಯನನ್ನ ನೋಡಿ ಮುಗುಳ್ನಕ್ಕ. ಕೆಟ್ಟದಾಗೇನೂ ನಗಲಿಲ್ಲ ಪಾಪ. ಆದರೆ ನನಗೆ ಮುಖ ಬಿಸಿ ಆಯ್ತು. “ಅಪ್ಪಯ್ಯ, ಬಿಡಿ. ಅವರು ಮಾಡ್ತಾರೆ. ಅದಕ್ಕೇ ಜನ ಇದ್ದಾರೆ,” ಅಂದೆ. ಸ್ವಲ್ಪ ಗಟ್ಟಿಯಾಗೇ ಅಂದೆ.

ಅಪ್ಪಯ್ಯ ಕೈ ನಿಲ್ಲಿಸಿದರು. ಟಿಶ್ಯೂ ಕೆಳಗಿಟ್ಟರು. ಅಷ್ಟೊತ್ತಿಗೆ ಬಿಲ್ ಮಾಡೋ ಹುಡುಗಿ ಕೈಯಲ್ಲಿ ಮೆಷಿನ್ ಹಿಡ್ಕೊಂಡು ಬಂದಳು. ಅವಳು ತಟ್ಟೆಗೆ ಕೈ ಹಾಕೋ ಮೊದಲೇ ಅಪ್ಪಯ್ಯ ಮುಂಬೈ ಹಿಂದಿಯಲ್ಲಿ, “ಛೇ ಹರಾ, ಚಾರ್ ನೀಲಾ, ತೀನ್ ಲಾಲ್. ತೀನ್ ಹಜಾರ್ ಏಕ್ ಸೌ ಚಾಲೀಸ್,” ಅಂದರು. ಅವಳು ನಕ್ಕೊಂಡು ಎಣಿಸಿದಳು. 3,140. ಅದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ ಸೇರಿ 3,297. “ಟ್ಯಾಕ್ಸ್ ಲೆಕ್ಕ ನಮ್ಮ್ ಕಾಲದಲ್ ಇರ್ಲಿಲ್ಲೆ,” ಅಂದರು ಅಪ್ಪಯ್ಯ ನನ್ನ ಕಡೆ ತಿರುಗಿ.

‘ನಮ್ಮ ಕಾಲ’ ಅಂದ್ರೆ ಯಾವ ಕಾಲ? ನನಗೆ ಗೊತ್ತಿದ್ದದ್ದು ಇಷ್ಟೇ: ಅಪ್ಪಯ್ಯ ಚಿಕ್ಕವರಿದ್ದಾಗ ಬೊಂಬಾಯಿಯಲ್ಲಿ ‘ಹೋಟ್ಲ್ ಲೈನ್’ನಲ್ಲಿದ್ದರು. ಆಮೇಲೆ ಊರಿಗೆ ಬಂದು ಸೊಸೈಟಿಯಲ್ಲಿ ಗುಮಾಸ್ತರಾದರು. ಹೋಟ್ಲ್ ಲೈನ್ ಅಂದ್ರೆ ಗಲ್ಲಾದಲ್ಲಿ ಕೂತಿದ್ದಿರಬೇಕು ಅಂತ ನಾನೇ ಅಂದ್ಕೊಂಡಿದ್ದೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಆವತ್ತು ಹೊರಗೆ ಬಂದ ಮೇಲೆ, ಟ್ಯಾಕ್ಸಿ ಸಿಗೋ ತನಕ ಫುಟ್‌ಪಾತ್ ಮೇಲೆ ನಿಂತಾಗ ಹೇಳಿದರು. ಅವರು ಬೊಂಬಾಯಿಗೆ ಬಂದದ್ದು 1973ರಲ್ಲಿ. ಏಳನೇ ಕ್ಲಾಸ್ ಮುಗಿದಿತ್ತು, 13 ವರ್ಷ. ಆಗ ಕೊಂಕಣ ರೈಲು ಎಲ್ಲಿತ್ತು? ಅದು ಪೂರ್ತಿ ಓಡಿದ್ದೇ 1998ರಲ್ಲಿ. ಊರಿನ ಒಬ್ಬರ ಜತೆ ಬಸ್ಸು ಹತ್ತಿ, ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ಬಂದದ್ದು. ಸೇರಿದ್ದು ಕರಿ ರೋಡ್ ಸ್ಟೇಶನ್ ಹತ್ತಿರದ ಒಂದು ಚಿಕ್ಕ ಉಡುಪಿ ಹೋಟೆಲ್. ನಾವು ಸುಶಿ ತಿಂದ ಜಾಗಕ್ಕೂ ಅದಕ್ಕೂ ನಡೆದುಹೋಗೋವಷ್ಟೇ ದೂರ.

ಮೊದಲ ವರ್ಷ ಮೋರಿ, ಅಂದ್ರೆ ಪಾತ್ರೆ ತೊಳೆಯೋ ಜಾಗ. ಎರಡನೇ ವರ್ಷ ಕೈಗೆ ಫಡ್ಕಾ ಬಂತು, ಮೇಜು ಒರೆಸೋ ಬಟ್ಟೆ. ಆಮೇಲೆ ಬಾಹರ್‌ವಾಲಾ, ಅಂದ್ರೆ ಅಂಗಡಿ ಅಂಗಡಿಗೆ, ಮಿಲ್ಲಿನ ಗೇಟಿಗೆ ಚಹಾ ಒಯ್ಯೋನು. ಕೊನೆಗೆ ಸಪ್ಲೈಯರ್. ಆಗೆಲ್ಲ ಬಿಲ್ ಬರೆಯೋ ಪದ್ಧತಿ ಇರಲಿಲ್ಲವಂತೆ. ಗಿರಾಕಿ ಎದ್ದು ಗಲ್ಲಾ ಹತ್ತಿರ ಹೋಗೋ ಹೊತ್ತಿಗೆ ಸಪ್ಲೈಯರ್ ಅಲ್ಲಿಂದಲೇ ಕೂಗಿ ಹೇಳಬೇಕು, ಇವರದ್ದು ಇಷ್ಟು, ಅವರದ್ದು ಅಷ್ಟು ಅಂತ. ತಪ್ಪಿದರೆ ಆ ದುಡ್ಡು ಸಂಬಳದಲ್ಲಿ ಹಿಡೀತಿದ್ದರು. ತಟ್ಟೆ ನೋಡಿ ಲೆಕ್ಕ ಹಾಕೋದು ಅಲ್ಲಿ ಕಲಿತದ್ದು. ರಾತ್ರಿ ಬೆಂಚು ಜೋಡಿಸಿ ಅದರ ಮೇಲೆ ಮಲಗೋದು. ಸಂಜೆ ಧಣಿ ಬಿಟ್ಟ ದಿನ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗೆ ಹೋಗೋದು. ಎಸ್ಸೆಸ್ಸಿ ಪಾಸಾದದ್ದು 20ನೇ ವಯಸ್ಸಿನಲ್ಲಿ.

ಈ ಥರದ ಕಥೆಗಳಲ್ಲಿ ನಾವು ಹೆಚ್ಚಾಗಿ ಕೇಳೋದು ಗೆದ್ದವರದ್ದು. ಕಾರ್ಕಳ ಕಡೆಯ ಜಯರಾಮ ಬನಾನ್ 1967ರಲ್ಲಿ ಮನೆ ಬಿಟ್ಟು ಬಂದು, ಪನ್ವೇಲ್ ಹತ್ತಿರದ ಒಂದು ಕ್ಯಾಂಟೀನ್‌ನಲ್ಲಿ ತಿಂಗಳಿಗೆ 18 ರೂಪಾಯಿಗೆ ಪಾತ್ರೆ ತೊಳೆದು, 1986ರಲ್ಲಿ ದಿಲ್ಲಿಯ ಡಿಫೆನ್ಸ್ ಕಾಲೊನಿಯಲ್ಲಿ ಸಾಗರ್ ಹೋಟೆಲ್ ಶುರು ಮಾಡಿದರು. ದೊಡ್ಡ ಕಥೆ ಅದು, ಎಲ್ಲರೂ ಹೇಳ್ತಾರೆ, ಹೇಳಲೇಬೇಕು. ಆದರೆ ಅದೇ ಮೋರಿಯಲ್ಲಿ ಅಕ್ಕಪಕ್ಕ ನಿಂತು ತೊಳೆದ ಉಳಿದ ಹುಡುಗರು ಏನಾದರು? ಬಹಳ ಜನ ನಮ್ಮ ನಿಮ್ಮ ಅಪ್ಪಂದಿರಾದರು. ಮಕ್ಕಳಿಗೆ ‘ಹೋಟ್ಲ್ ಲೈನ್’ ಅಂತ ಎರಡೇ ಮಾತಲ್ಲಿ ಹೇಳಿ ಸುಮ್ಮನಾದರು.

ಮನೆಗೆ ಬಂದ ಮೇಲೆ ನನಗೆ ನಿದ್ದೆ ಬರಲಿಲ್ಲ. ಈ ಬೆಲ್ಟ್ ಎಲ್ಲಿಂದ ಬಂತು ಅಂತ ಓದ್ತಾ ಕೂತೆ. ಆಗ ಗೊತ್ತಾದ ಸಂಗತಿ ಕೇಳಿ.

ಈ ಬೆಲ್ಟ್ ಸುಶಿ ಶುರುವಾದದ್ದು 1958ರಲ್ಲಿ, ಒಸಾಕಾ ಪಕ್ಕದ, ಈಗ ಹಿಗಾಶಿ-ಒಸಾಕಾ ಅಂತ ಕರೆಯೋ ಊರಿನಲ್ಲಿ. ಮಾಡಿದವರು ಯೋಶಿಯಾಕಿ ಶಿರಾಯಿಶಿ. ಅವರಿಗೆ ಒಂದು ಸಣ್ಣ ಸುಶಿ ಅಂಗಡಿ ಇತ್ತು. ಸುತ್ತಮುತ್ತ ಸಣ್ಣ ಸಣ್ಣ ಕಾರ್ಖಾನೆಗಳು. ಬರೋರೆಲ್ಲ ಅಲ್ಲಿನ ಕೆಲಸಗಾರರು. ಅವರಿಗೆ ಬೇಗ ಸಿಗಬೇಕು, ಅಗ್ಗ ಇರಬೇಕು. ಶಿರಾಯಿಶಿಯವರ ಕಷ್ಟ ಏನಂದ್ರೆ, ತಂದುಕೊಡೋಕೆ ಸಾಕಷ್ಟು ಜನ ಸಿಗ್ತಿರಲಿಲ್ಲ. ಒಮ್ಮೆ ಅಸಾಹಿ ಬಿಯರ್ ಕಾರ್ಖಾನೆ ನೋಡೋಕೆ ಹೋದಾಗ, ಬಾಟಲಿಗಳು ಬೆಲ್ಟ್ ಮೇಲೆ ಸಾಲಾಗಿ ಸಾಗೋದನ್ನ ನೋಡಿದರು. ಬಾಟಲಿ ಹೋಗೋದಾದರೆ ತಟ್ಟೆ ಯಾಕೆ ಹೋಗಬಾರದು ಅಂತ ಹೊಳೀತು. ವರ್ಷಗಟ್ಟಲೆ ಒದ್ದಾಡಿ ಬೆಲ್ಟ್ ಮಾಡಿಸಿದರು. ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್ ವೇಗ. ಅದಕ್ಕಿಂತ ಜೋರಾದರೆ ಎತ್ತಿಕೊಳ್ಳೋದು ಕಷ್ಟ, ಮೀನೂ ಒಣಗುತ್ತೆ. ನಿಧಾನ ಆದರೆ ಗಿರಾಕಿಗೆ ಬೇಜಾರು. 1970ರ ಒಸಾಕಾ ವಿಶ್ವ ಮೇಳದಲ್ಲಿ ಜನರ ಕಣ್ಣಿಗೆ ಬಿದ್ದು, ಅದು ದೇಶಾದ್ಯಂತ ಹಬ್ಬಿತು. ಜಪಾನೀ ಭಾಷೆಯಲ್ಲಿ ಇದಕ್ಕೆ ಕೈತೆನ್-ಜುಶಿ ಅಂತಾರೆ, ತಿರುಗೋ ಸುಶಿ.

ಇದನ್ನ ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಯಾಕಂದ್ರೆ ಅಪ್ಪಯ್ಯನ ಹೋಟೆಲ್‌ನ ಕಥೆಯೂ ಅದೇ ಅಲ್ವಾ? ಲಾಲ್‌ಬಾಗ್, ಪರೇಲ್, ಕರಿ ರೋಡ್. ಇಡೀ ಪ್ರದೇಶದ ಹೆಸರೇ ಗಿರಣ್‌ಗಾಂವ್, ಗಿರಣಿಗಳ ಊರು. ಪಾಳಿ ಬದಲಾಗುವಾಗ ಮಿಲ್ಲಿನ ಭೋಂಗಾ ಕೂಗ್ತಿತ್ತು, ಒಮ್ಮೆಗೇ ನೂರಾರು ಜನ ಹೊರಗೆ ಬರ್ತಿದ್ದರು. ಅವರಿಗೂ ಬೇಗ ಸಿಗಬೇಕು, ಅಗ್ಗ ಇರಬೇಕು. ಒಸಾಕಾದಲ್ಲೂ ಅದೇ ಗಿರಾಕಿ, ಅದೇ ಹಸಿವು, ಅದೇ ಅವಸರ. ವ್ಯತ್ಯಾಸ ಒಂದೇ. ಒಸಾಕಾದಲ್ಲಿ ಕೆಲಸಕ್ಕೆ ಜನ ಇರಲಿಲ್ಲ, ಅದಕ್ಕೆ ಬೆಲ್ಟ್ ಬಂತು. ಬೊಂಬಾಯಿಯಲ್ಲಿ ಜನ ಇದ್ದರು, ಬಸ್ಸು ತುಂಬ ಬರ್ತಿದ್ದರು, 13 ವರ್ಷದವರು, ತಿಂಗಳಿಗೆ ಮೂವತ್ತೋ ನಲವತ್ತೋ ಕೊಟ್ಟರೆ ದಿನಕ್ಕೆ ಹದಿನಾಲ್ಕು ಗಂಟೆ ಓಡೋರು. ಹಾಗಿದ್ದಾಗ ಬೆಲ್ಟ್ ಯಾಕೆ ಬೇಕು? ಬೆಲ್ಟ್ ಮಾಡೋ ಕೆಲಸವನ್ನ ನಮ್ಮ ಮಾಣಿಗಳ ಕಾಲುಗಳು ಮಾಡಿದವು.

ಇದನ್ನ ‘ಆಹಾ ಆ ಕಾಲ’ ಅನ್ನೋ ಥರ ಹೇಳ್ತಿಲ್ಲ. 13 ವರ್ಷದ ಹುಡುಗನನ್ನ ಹೋಟೆಲ್ ಕೆಲಸಕ್ಕೆ ಇಟ್ಟುಕೊಳ್ಳೋದು ಇವತ್ತು ಅಪರಾಧ. ಆಗಬೇಕಾದ್ದೇ. ಬೆಳಗ್ಗೆ ಅಪ್ಪಯ್ಯನಿಗೆ ಶಿರಾಯಿಶಿ ಕಥೆ ಹೇಳಿದೆ. ಅವರು ಚಹಾ ಕುಡೀತಾ ಕೇಳಿಸಿಕೊಂಡು, “ಈ ಬೆಲ್ಟ್ ಆಗ ಇದ್ದಿದ್ರೆ ನಂಗೆ ಕೆಲ್ಸ ಸಿಕ್ತಿರ್ಲಿಲ್ಲೆ. ಆದ್ರೆ ಈ ಕಾಲ್ ಗಂಟ್ ನೋವೂ ಇರ್ತಿರ್ಲಿಲ್ಲೆ,” ಅಂದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಯಾವುದು ಹೆಚ್ಚು ಅಂತ ನಾನು ಕೇಳಲಿಲ್ಲ.

ಅವರ ಕೆಲಸ ಹೋದದ್ದು ಮೆಷಿನ್‌ನಿಂದಲೂ ಅಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಮಿಲ್ ಮುಷ್ಕರ ಶುರುವಾಯ್ತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಭೋಂಗಾ ನಿಂತಿತು, ಹೋಟೆಲ್‌ಗೆ ಗಿರಾಕಿ ನಿಂತರು. ಮೊದಮೊದಲು ಧಣಿ ಕಾರ್ಮಿಕರಿಗೆ ಸಾಲ ಬರೆದು ಚಹಾ ಕೊಟ್ಟರಂತೆ. ಆಮೇಲೆ ಬರೆಯೋ ಪುಸ್ತಕವೂ ಮುಗೀತು. 1983ರಲ್ಲಿ ಅಪ್ಪಯ್ಯ ಊರಿಗೆ ವಾಪಸ್. ಹತ್ತು ವರ್ಷದ ದುಡಿಮೆಯಿಂದ ಅವರ ಕೈಯಲ್ಲಿ ಉಳಿದದ್ದು ಒಂದು ಟ್ರಂಕು, ಒಂದು ಎಸ್ಸೆಸ್ಸಿ ಸರ್ಟಿಫಿಕೇಟು. ಆ ಸರ್ಟಿಫಿಕೇಟಿನಿಂದ ಸೊಸೈಟಿ ಕೆಲಸ ಸಿಕ್ತು, ಸೊಸೈಟಿ ಕೆಲಸದಿಂದ ನನ್ನ ಫೀಸು. ಇವತ್ತು ಆ ಮಿಲ್ಲುಗಳ ಜಾಗದಲ್ಲಿ ಏನಿದೆ ಅಂತ ಇಲ್ಲಿರೋರಿಗೆ ಹೇಳಬೇಕಾಗಿಲ್ಲ. ಫೀನಿಕ್ಸ್ ಮಿಲ್ಲಿದ್ದಲ್ಲಿ ಮಾಲ್ ಇದೆ, ಕಮಲಾ ಮಿಲ್ಸ್ ಒಳಗೆ ಆಫೀಸು, ಹೋಟೆಲ್ ಇವೆ. ನಾವು ಪಾರ್ಟಿ ಮಾಡೋಕೆ ಅಲ್ಲಿಗೇ ಹೋಗ್ತೀವಿ.

ಈಗ ನನ್ನ ಕೆಲಸದ ವಿಷಯ. ಇದನ್ನ ಹೇಳದೆ ಬಿಟ್ಟರೆ ಅರ್ಧ ಸುಳ್ಳು ಹೇಳಿದ ಹಾಗೆ. ನಮ್ಮ ಟೀಮ್ ಮಾಡ್ತಿರೋದು ಹೋಟೆಲ್‌ಗಳಿಗೆ ಸಾಫ್ಟ್‌ವೇರ್. ಮೇಜಿನ ಮೇಲೆ ಕ್ಯೂಆರ್ ಕೋಡ್ ಇರುತ್ತಲ್ಲ, ಸ್ಕ್ಯಾನ್ ಮಾಡಿದರೆ ಮೆನು ಬರುತ್ತೆ, ಆರ್ಡರ್ ನೇರ ಅಡುಗೆಮನೆಯ ಪರದೆಗೆ ಹೋಗುತ್ತೆ. ಅದು. ಕ್ಲೈಂಟ್‌ಗೆ ತೋರಿಸೋ ಸ್ಲೈಡ್‌ನಲ್ಲಿ ನಾನೇ ಬರೆದ ಒಂದು ಸಾಲಿದೆ: ಪ್ರತಿ ಶಾಖೆಯಲ್ಲಿ ಎರಡು ಸರ್ವರ್ ಕಡಿಮೆ. ನಮ್ಮ ಆಫೀಸಿನಲ್ಲಿ ಸರ್ವರ್ ಅಂದ್ರೆ ಮೆಷಿನ್. ಎರಡು ಸರ್ವರ್ ಕಡಿಮೆ ಮಾಡಿದ್ರೆ ಚಪ್ಪಾಳೆ ತಟ್ತಾರೆ. ಆ ಸ್ಲೈಡ್‌ನಲ್ಲಿದ್ದದ್ದು ಆ ಸರ್ವರ್ ಅಲ್ಲ ಅನ್ನೋದು ಗೊತ್ತಿತ್ತು ನನಗೆ. ಆದರೂ ಅದು ಎರಡು ಅಂಕಿಯಾಗೇ ಇತ್ತು. ಸುಶಿ ತಿಂದು ಬಂದ ಮೇಲೆ ಅದಕ್ಕೆ ಕೈ, ಕಾಲು, ಫಡ್ಕಾ ಎಲ್ಲ ಬಂದುಬಿಡ್ತು.

ಹಾಗಂತ ನಾನು ಕೆಲಸ ಬಿಟ್ಟೆನಾ? ಇಲ್ಲ. ಗೃಹಸಾಲ ಇದೆ. ಈ ಸಾಫ್ಟ್‌ವೇರ್ ಕೆಟ್ಟದ್ದು ಅಂತಲೂ ಅನ್ನಿಸೋಲ್ಲ. ನಾನು ಮಾಡಿದ್ದು ಸಣ್ಣದು. ಮುಂದಿನ ಮೀಟಿಂಗ್‌ನಲ್ಲಿ, ಆ ಇಬ್ಬರು ಎಲ್ಲಿಗೆ ಹೋಗ್ತಾರೆ ಅಂತ ಕೇಳಿದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಕ್ಲೈಂಟ್ ಕಡೆಯವರು, ಹೊಸ ಶಾಖೆಗಳಿಗೆ ಕಳಿಸ್ತೀವಿ ಅಂದರು. ಕಳಿಸ್ತಾರೋ ಇಲ್ವೋ, ಅದು ನನ್ನ ಕೈಯಲ್ಲಿಲ್ಲ. ಆದರೆ ಆ ಸಾಲನ್ನ ತೆಗೆದು, ‘ಎರಡು ಜನರ ಕೆಲಸ ಬದಲಾಗುತ್ತೆ’ ಅಂತ ಬರೆದೆ. ನನ್ನ ಮ್ಯಾನೇಜರ್ ಆಕ್ಷೇಪಣೆ ಮಾಡಲಿಲ್ಲ. ಇಷ್ಟೇ. ಇದನ್ನ ದೊಡ್ಡ ಸಾಧನೆ ಅಂತ ಹೇಳ್ತಿಲ್ಲ. ಕೇಳಬಹುದಾದ ಪ್ರಶ್ನೆಯೊಂದನ್ನ ಎರಡು ವರ್ಷ ನಾನು ಕೇಳಿಯೇ ಇರಲಿಲ್ಲ, ಅದನ್ನ ಹೇಳ್ತಿದ್ದೀನಿ.

ಆ ಸಂಜೆಯ ಇನ್ನೊಂದು ವಿಷಯ ಹೇಳೋದು ಮರೆತೆ. ಬಿಲ್ ತಂದ ಹುಡುಗಿಯನ್ನ ಅಪ್ಪಯ್ಯ, “ಬೇಟಾ, ಗಾಂವ್ ಕಿಧರ್?” ಅಂತ ಕೇಳಿದರು. ಮಿಜೋರಾಂ ಅಂದಳು. “ಖಾನಾ ಹುವಾ?” ಅಂತ ಕೇಳಿದರು. ಆಗ ರಾತ್ರಿ ಒಂಬತ್ತೂವರೆ. ಅವಳು, ಇಲ್ಲ ಅಂಕಲ್, ಎಲ್ಲರೂ ಹೋದ ಮೇಲೆ, ಅಂದಳು. ಅಪ್ಪಯ್ಯ ತಲೆ ಅಲ್ಲಾಡಿಸಿ, “ಹಮಾರಾ ಭೀ ಐಸಾ ಹೀ ಥಾ,” ಅಂದರು. ಅವಳಿಗೆ ಅರ್ಥ ಆಯ್ತೋ ಇಲ್ವೋ. ಆದರೆ ಅಪ್ಪಯ್ಯ ಜೋಡಿಸಿಟ್ಟ ತಟ್ಟೆಗಳನ್ನ ಎತ್ತುವಾಗ, ಒಂದೇ ಸಲಕ್ಕೆ ಪೂರಾ ಎತ್ತಿಕೊಂಡಳು. ಜೋಡಿಸಿದ ರೀತಿ ಹಾಗಿತ್ತು. ಎರಡನೇ ಸಲ ಬರಬೇಕಾಗಲಿಲ್ಲ. ನಾನು ಯಾವುದಕ್ಕೆ ನಾಚಿಕೆಪಟ್ಟಿದ್ದೆನೋ ಅದು ಅವಳಿಗೆ ಒಂದು ಸುತ್ತು ಉಳಿಸಿತ್ತು.

ಮರುದಿನ ಭಾನುವಾರ. ಅಪ್ಪಯ್ಯನೇ ಬಾಯಿಬಿಟ್ಟು ಕೇಳಿದರು, ಮಾಟುಂಗಾಕ್ಕೆ ಹೋಗಿ ಉಣ್ಣೋಣ ಅಂತ. ಸೆಂಟ್ರಲ್ ಲೈನ್‌ನ ಮಾಟುಂಗಾ ಸ್ಟೇಶನ್ ಹೊರಗೆ, ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಿಂದ ನಡೀತಾ ಇದೆ. ಹೋಗದವರಿದ್ದರೆ ಹೋಗಿ. ದುಡ್ಡು ಕೊಟ್ಟು ಸರದಿಯಲ್ಲಿ ಕಾಯಬೇಕು, ಕೂತ ಮೇಲೆ ಬಾಳೆಎಲೆ ಬರುತ್ತೆ. ಅಲ್ಲಿ ನೋಡಿದರೆ ಬೆಲ್ಟ್ ತಿರುಗಿದ ಹಾಗೇ ಇದೆ, ಸ್ವಲ್ಪವೇ ವ್ಯತ್ಯಾಸ. ನಾವು ಕೂತಿದ್ದೀವಿ, ಅನ್ನ, ಸಾಂಬಾರು, ಪಲ್ಯ, ರಸಂ ಒಂದರ ಹಿಂದೊಂದು ನಮ್ಮ ಮುಂದೆ ಹಾದುಹೋಗ್ತಾ ಇದೆ, ಬೇಕು ಅಂದ್ರೆ ನಿಲ್ಲುತ್ತೆ, ಬೇಡ ಅಂದ್ರೆ ಮುಂದೆ ಹೋಗುತ್ತೆ. ಆದರೆ ಇಲ್ಲಿ ತಟ್ಟೆ ಖಾಲಿ ಆದದ್ದನ್ನ ನೋಡೋಕೆ ಕಣ್ಣಿದೆ. ಬೆಲ್ಟ್ ಎಷ್ಟೇ ಚೆನ್ನಾಗಿದ್ದರೂ “ಇನ್ನೊಂಚೂರು ಹಾಕ್ಲಾ?” ಅಂತ ಕೇಳೋಲ್ಲ.

ಬೆಲ್ಟ್‌ಗೂ ಒಂದು ಒಳ್ಳೇತನ ಇದೆ, ಅದನ್ನೂ ಹೇಳಬೇಕು. ಅದರ ಮುಂದೆ ಕೂತವನಿಗೆ ಭಾಷೆ ಬೇಕಾಗಿಲ್ಲ. ಹೆಸರು ಗೊತ್ತಿರಬೇಕಾಗಿಲ್ಲ, ಉಚ್ಚಾರ ತಪ್ಪಿದರೆ ಅಂತ ಹೆದರಬೇಕಾಗಿಲ್ಲ, ರೇಟು ಕೇಳೋಕೆ ಸಂಕೋಚಪಡಬೇಕಾಗಿಲ್ಲ. ಬಣ್ಣ ನೋಡಿದರೆ ಗೊತ್ತಾಗುತ್ತೆ. ಹೊಸ ಊರಿಗೆ ಹೋದ ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಟೋಕಿಯೊದ ನಿಶಿ-ಕಸಾಯ್‌ನಲ್ಲಿರೋ ನನ್ನ ಸ್ನೇಹಿತ, ಮೊದಲ ತಿಂಗಳು ಹೊಟ್ಟೆ ತುಂಬ ತಿಂದದ್ದು ಬೆಲ್ಟ್ ಹೋಟೆಲ್‌ನಲ್ಲೇ ಅಂತ ಹೇಳ್ತಾನೆ. ಈಗ ಅಲ್ಲೂ ಸುತ್ತೋ ತಟ್ಟೆ ಕಡಿಮೆ ಆಗಿ, ಟಚ್ ಸ್ಕ್ರೀನ್‌ನಲ್ಲಿ ಒತ್ತಿದ್ದು ಮಾತ್ರ ನೇರ ಮೇಜಿಗೆ ಬರೋದು ಹೆಚ್ಚಾಗಿದೆಯಂತೆ. ಬೆಲ್ಟನ್ನೂ ಬದಿಗೆ ಸರಿಸೋ ಮೆಷಿನ್ ಬಂದಿದೆ.

ಮಾಟುಂಗಾದಿಂದ ಕರಿ ರೋಡ್‌ಗೆ ಹೋದೆವು. ಅಪ್ಪಯ್ಯನ ಹೋಟೆಲ್ ಇದ್ದ ಜಾಗದಲ್ಲಿ ಮೊಬೈಲ್ ಕವರ್ ಮಾರೋ ಅಂಗಡಿ ಇದೆ. ಅಪ್ಪಯ್ಯ ಹೊರಗೆ ನಿಂತು, ಇಲ್ಲಿ ಗಲ್ಲಾ, ಅಲ್ಲಿ ಭಟ್ಟಿ, ಹಿಂದೆ ಮೋರಿ ಅಂತ ಬೆರಳು ಮಾಡಿ ತೋರಿಸಿದರು. ಅಂಗಡಿಯವನಿಗೆ ಏನೂ ಅರ್ಥ ಆಗದೆ, ಯಾವ ಮಾಡೆಲ್‌ಗೆ ಬೇಕು ಅಂತ ಕೇಳಿದ. ಅಪ್ಪಯ್ಯ ಒಂದು ಕವರ್ ತಗೊಂಡರು. ಅವರ ಫೋನಿಗೆ ಅದು ಸರಿಯಾಗಿ ಕೂರೋದೂ ಇಲ್ಲ. ಆದರೂ ತೆಗೆದಿಲ್ಲ.

ಈ ಮಾತು ಮಾಡೋ ಮೊದಲು ಅಪ್ಪಯ್ಯನ ಒಪ್ಪಿಗೆ ಕೇಳಿದೆ. ಇಷ್ಟು ವರ್ಷ ಹೇಳದಿದ್ದದ್ದನ್ನ ಎಲ್ಲರ ಮುಂದೆ ಹೇಳಬಹುದಾ ಅಂತ. “ಹೇಳ್. ತೊಳ್ದದ್ದ್ ಲೋಟ, ಕದ್ದದ್ದ್ ಅಲ್ಲ,” ಅಂದರು.

ಸುಶಿ ತಿನ್ನೋಕೆ ಹೋಗಿ, ಚೆನ್ನಾಗಿರುತ್ತೆ. ಅಪ್ಪ ಅಮ್ಮ ಊರಿಂದ ಬಂದಾಗ ಅವರನ್ನೂ ಕರಕೊಂಡು ಹೋಗಿ. ಬೇಯಿಸಿದ್ದರಿಂದ ಶುರು ಮಾಡಿ, ವಸಾಬಿಯನ್ನ ಮೊದಲೇ ದೂರ ಇಡಿ. ತಿಂದಾದ ಮೇಲೆ ಅವರೇನಾದರೂ ತಟ್ಟೆ ಜೋಡಿಸೋಕೆ ಶುರು ಮಾಡಿದರೆ ನನ್ನ ಹಾಗೆ ತಡೀಬೇಡಿ. ಅದನ್ನ ಎಲ್ಲಿ ಕಲಿತಿರಿ ಅಂತ ಕೇಳಿ.